ಅವ್ವ ನೋಡದ ಕೆರೆ

ನಮ್ಮ ಅವ್ವ ಪ್ರತಿ ಬೇಸಿಗೆಯೂ ನಮ್ಮೊಡನೆ ಉಣಕಲ್ ಕೆರೆಗೆ ಬರುತ್ತಿದ್ದಳು. ಬುತ್ತಿ ಕಟ್ಟುವವಳು ಅವಳೇ, ಎಲ್ಲರಿಗಿಂತ ಮೊದಲು ಚಕ್ಕಡಿ ಹತ್ತಿ ಕೂಡುವವಳೂ ಅವಳೇ. ಆ ಕೆರೆಯನ್ನು ಅವಳು ಒಮ್ಮೆಯೂ ಕಣ್ಣಿಂದ ನೋಡಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಒಂದು ಬೇಸಿಗೆಯ ಕೊನೆಯ ಶುಕ್ರವಾರ. ಇನ್ನು ಮುಂದೆ ನಾನೂ ಅವಳ ಪಕ್ಕದಲ್ಲಿ ಪರದೆಯೊಳಗೇ ಕೂಡಬೇಕೆಂದು ಮನೆಯಲ್ಲಿ ನಿಶ್ಚಯವಾದ ಬೇಸಿಗೆ ಅದು. ಈಗ ನನ್ನ ತಲೆ ಹಣ್ಣಾಗಿದೆ. ಆದರೂ ಆ ದಿನ ನೆನಪಾದರೆ ಎದೆ ಧಸಕ್ಕೆನ್ನುತ್ತದೆ, ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ. ಸಿಟ್ಟು ನನಗೆ ಚಿಕ್ಕಂದಿನಿಂದ ಮೂಗಿನ ತುದಿಯಲ್ಲೇ ಇದೆ. ಅದನ್ನು ಮುಚ್ಚಿಟ್ಟು ನಯವಾಗಿ ಬರೆಯುವುದು ನನ್ನ ಕೈಲಾಗದ ಮಾತು.

ನಾವು ಹುಬ್ಬಳ್ಳಿಯವರು, ಹತ್ತಿ ಹಿಂಜುವ ಜನ. ನಮಾಜು ಅರಬ್ಬಿಯಲ್ಲಿ, ಮನೆಯ ಮಾತು, ಜಗಳ ಎಲ್ಲ ಕನ್ನಡದಲ್ಲಿ. ನಮ್ಮ ಅಜ್ಜ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ, ಜನರ ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಹಿಂಜಿ ಮತ್ತೆ ತುಂಬಿ ಕೊಡುತ್ತಿದ್ದ. ಅಪ್ಪ ಹಾಗೆ ತಿರುಗಲಿಲ್ಲ. ಬಜಾರಿನಲ್ಲಿ ಒಂದು ಅಂಗಡಿ ಹಿಡಿದು, ಮದುವೆಯ ಗಾದಿ, ಲೋಡು, ದಿಂಬುಗಳನ್ನು ಹೊಲಿಸಿ ಮಾರತೊಡಗಿದ. ಅಂಗಡಿ ಕೈಹಿಡಿಯಿತು. ಇಂಗ್ಲಿಷರ ಆಳಿಕೆ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಹುಬ್ಬಳ್ಳಿಗೆ ನಾಲ್ಕೂ ಕಡೆಯಿಂದ ಹತ್ತಿ ಬಂದು ಬೀಳುತ್ತಿದ್ದ ಕಾಲ. ಆಗ ನಮ್ಮ ಮನೆಗೆ ಎರಡು ಹೊಸ ಸಂಗತಿಗಳು ಜೋಡಿಯಾಗಿ ಬಂದವು. ಒಂದು ಸ್ವಂತದ ಚಕ್ಕಡಿ, ಇನ್ನೊಂದು ಗೋಷಾ.

ಗೋಷಾ ಅಂದರೆ ಮನೆಯ ಹೆಂಗಸರು ಪರಗಂಡಸರ ಕಣ್ಣಿಗೆ ಬೀಳದಂತೆ ಇರುವುದು. ಹಿಂಜುವವರ ಮನೆಗಳಲ್ಲಿ ಅದು ಎಲ್ಲಿತ್ತು? ಅವ್ವ ನವಲಗುಂದದ ಕಡೆಯ ಹಳ್ಳಿಯವಳು. ತವರಿನಲ್ಲಿ ತನ್ನ ಅಪ್ಪನ ಹಿಂದೆ ಅರಳೆಯ ಗಂಟು ಹೊತ್ತು, ಎರೆಹೊಲದ ದಾರಿಗಳಲ್ಲಿ ಊರೂರು ನಡೆದವಳು. ಯಾರದೋ ಕಟ್ಟೆಯ ಮೇಲೆ ಕೂತು, ಬಂದುಹೋಗುವ ಗಂಡಸರ ಎದುರಿಗೇ ಗಾದಿಗೆ ಸೂಜಿದಾರದ ಟಾಕು ಹಾಕಿದವಳು. ಆದರೆ ಅಪ್ಪನ ಜೊತೆ ವ್ಯವಹಾರ ಮಾಡುವ ಬಟ್ಟೆಯ ವ್ಯಾಪಾರಿಗಳ ಮನೆಗಳಲ್ಲಿ ಗೋಷಾ ಇತ್ತು. ಅಂಗಡಿಗೆ ಹೆಸರು ಬಂದ ಮೇಲೆ ಮನೆಗೂ ಹೆಸರು ಬರಬೇಕಲ್ಲ. ಅವ್ವ ಬೇಡವೆನ್ನಲಿಲ್ಲ. ಬೇಡವೆನ್ನುವುದು ಒತ್ತಟ್ಟಿಗಿರಲಿ, ಹಿಗ್ಗಿದಳೆಂದೇ ಕೇಳಿದ್ದೇನೆ. ಬಿಸಿಲಲ್ಲಿ ಅಲೆದ ಹೆಣ್ಣಿಗೆ ನೆರಳಲ್ಲಿ ಕೂಡಿಸುತ್ತೇನೆ ಎಂದರೆ ಹಿಗ್ಗದೆ ಏನು ಮಾಡುತ್ತಾಳೆ?

ಚಕ್ಕಡಿಗೆ ಅಪ್ಪ ಬಿದಿರಿನ ಕಮಾನು ಹಾಕಿಸಿದ. ಅದರ ಪರದೆಯನ್ನು ಅವ್ವ ತಾನೇ ಹೊಲಿದಳು. ಬೇರೆಯವರ ಚಕ್ಕಡಿಯ ಪರದೆ ಒಂದೇ ಪದರಿನದು, ಗಾಳಿ ಬಂದರೆ ಹಾರುತ್ತದೆ, ಬಿಸಿಲು ಬಿದ್ದರೆ ಒಳಗಿನವರ ನೆರಳು ಹೊರಗೆ ಕಾಣುತ್ತದೆ. ಅವ್ವನದು ಎರಡು ಪದರು ದಪ್ಪ ಬಟ್ಟೆ, ನಡುವೆ ತೆಳ್ಳಗೆ ಹಿಂಜಿ ಹಾಸಿದ ಅರಳೆ, ಮೇಲೆ ಒತ್ತೊತ್ತಾಗಿ ಟಾಕು. ಹೊರಡುವ ಮುಂಚೆ ನೀರು ಚಿಮುಕಿಸಿಬಿಟ್ಟರೆ ಒಳಗೆ ತಂಪು. ಹಿಂದುಗಡೆ ಹತ್ತಿ ಇಳಿಯಲು ಒಂದು ಬಾಯಿ, ಅದಕ್ಕೆ ಒಳಗಿನಿಂದಲೂ ಹೊರಗಿನಿಂದಲೂ ಕಟ್ಟಬಹುದಾದ ಕಸೆಗಳು. ಅಪ್ಪನ ಗೆಳೆಯರು ಆ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿ ಹೊಗಳುತ್ತಿದ್ದರು.

ಮೊದಲ ವರ್ಷದ ಮೊದಲ ವಾರ ಮಾತ್ರ ಬದಿಯಲ್ಲಿ ಬೆರಳು ಹಿಡಿಸುವಷ್ಟು ಸಂದು ಬಿಟ್ಟಿದ್ದಳಂತೆ. ಬಜಾರಿನ ವ್ಯಾಪಾರಿಯೊಬ್ಬ ಅಪ್ಪನಿಗೆ ನಗುನಗುತ್ತ, "ಏನ್ರಿ, ನಿಮ್ಮ ಚಕ್ಕಡಿಗೆ ಕಣ್ಣು ಬಂದಾವಲ್ಲ?" ಎಂದನಂತೆ. ಅಪ್ಪ ಮನೆಗೆ ಬಂದು ಕೂಗಾಡಲಿಲ್ಲ. "ಗೋಷಾ ಹಾಕಿದ್ರ ಪೂರಾ ಹಾಕಬೇಕು, ಇಲ್ಲಾಂದ್ರ ಹಾಕಬಾರದು," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ಅವ್ವ ಸೂಜಿ ತೆಗೆದು ಆ ಸಂದು ಹೊಲಿದುಬಿಟ್ಟಳು. ಈ ಕತೆಯನ್ನು ಅವಳು ನಮಗೆ ಹೇಳುತ್ತಿದ್ದದ್ದು ತನ್ನ ಕೈಗೆಲಸದ ಬಡಿವಾರಕ್ಕೆ. "ಹುಡುಕ್ರಿ ನೋಡೂಣು, ಸಂದು ಎಲ್ಲಿತ್ತಂತ?" ಎನ್ನುತ್ತಿದ್ದಳು. ಅಣ್ಣನೂ ನಾನೂ ಹುಡುಕಿ ಹುಡುಕಿ ಸೋಲುತ್ತಿದ್ದೆವು.

ಶುಕ್ರವಾರ ಅಂಗಡಿಗೆ ರಜೆ. ಬಿಸಿಲು ಬಲಿತಾಗಿನಿಂದ ಮಿರಗದ, ಅಂದರೆ ಮುಂಗಾರಿನ ಮೊದಲ ಮಳೆ ಬೀಳುವವರೆಗೆ, ಮಧ್ಯಾಹ್ನದ ನಮಾಜು ಮುಗಿಸಿ ಬಂದ ಅಪ್ಪ ಎತ್ತು ಹೂಡುತ್ತಿದ್ದ. ಒಂದು ವಾರ ಗಬ್ಬೂರಿಗೆ, ಅಪ್ಪನಿಗೆ ಹತ್ತಿ ಮಾರುವ ರೈತರೊಬ್ಬರ ಹೊಲದ ಬಾವಿಗೆ. ಅಲ್ಲಿ ಅಣ್ಣ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ. ಇನ್ನೊಂದು ವಾರ ರಾಯಾಪುರದ ಮಾವಿನ ತೋಪಿಗೆ. ಕೊನೆಕೊನೆಗೆ, ಮೋಡ ಕಾಣತೊಡಗಿದಾಗ, ಉಣಕಲ್ ಕೆರೆಗೆ. ಅಣ್ಣ ಮತ್ತು ನಾನು ಮುಂದೆ ಅಪ್ಪನ ಆಚೀಚೆ ಕೂಡುತ್ತಿದ್ದೆವು, ಅವ್ವ ಹಿಂದೆ ಪರದೆಯೊಳಗೆ. ದಾರಿಯುದ್ದಕ್ಕೂ ಪರದೆಯ ಅಡಿಯಿಂದ ಬಳೆ ತೊಟ್ಟ ಒಂದು ಕೈ ಹೊರಗೆ ಬರುತ್ತಿತ್ತು. ಒಮ್ಮೆ ಅದರಲ್ಲಿ ಶೇಂಗಾದ ಉಂಡೆ, ಒಮ್ಮೆ ಮಾವಿನ ಹೋಳು, ಒಮ್ಮೆ ನೀರಿನ ತಂಬಿಗೆ. ಖಾಲಿ ತಂಬಿಗೆಯನ್ನು ಆ ಕೈಗೇ ವಾಪಸು ಕೊಟ್ಟರೆ ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು.

ಸುಳ್ಳೇಕೆ ಹೇಳಲಿ, ನನಗೆ ಒಳಗಿನವರ ಮೇಲೆ ಹೊಟ್ಟೆಕಿಚ್ಚು. ನಾವು ಬಿಸಿಲಲ್ಲಿ ಧೂಳು ತಿನ್ನುತ್ತ ಕೂತಿರುವಾಗ ಅವ್ವ ಮೆತ್ತನೆಯ ಗಾದಿಯ ಮೇಲೆ ಲೋಡಿಗೊರಗಿ, ಡಬ್ಬಿಗಳನ್ನೆಲ್ಲ ಸುತ್ತ ಇಟ್ಟುಕೊಂಡು ತಂಪಾಗಿ ಕೂತಿದ್ದಾಳೆ ಎಂದು ಉರಿಯುತ್ತಿತ್ತು. ಒಳಗೆ ಕೂಡುವುದು ದೊಡ್ಡವರಾದವರಿಗೆ ಸಿಗುವ ಬಹುಮಾನವೆಂದೇ ತಿಳಿದಿದ್ದೆ.

ಬೇಸಿಗೆ ಮುಗಿದು ಮೊದಲ ಜೋರು ಮಳೆ ಬಿದ್ದ ಸಂಜೆ ನಮ್ಮಲ್ಲಿ ಒಂದು ರೂಢಿ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಹುರಿದ ಶೇಂಗಾ ಮತ್ತು ಬೆಲ್ಲದ ಪರಾತವನ್ನು ಮಡಿಲ ಹತ್ತಿರ ಎಳೆದುಕೊಂಡು, "ಈ ಬ್ಯಾಸಗ್ಯಾಗ ಏನೇನು ನೋಡಿದ್ರಿ, ಹೇಳ್ರಿ," ಎನ್ನುತ್ತಿದ್ದಳು. ಚೆನ್ನಾಗಿ ಹೇಳಿದವರಿಗೆ ಬೆಲ್ಲದ ದೊಡ್ಡ ಹೆಂಟೆ. ಅಣ್ಣ ಈ ವಿಷಯದಲ್ಲಿ ಪೂರಾ ದಡ್ಡ. "ಕೆರಿ ಇತ್ತು, ನೀರಿತ್ತು," ಎಂದು ಮುಗಿಸಿಬಿಡುವವ. ನಾನು ಮಾತ್ರ ಬೆಲ್ಲದ ಆಸೆಗೆ ಕೆರೆಯನ್ನು ಹಿಗ್ಗಿಸಿ ಹಿಗ್ಗಿಸಿ ಧಾರವಾಡದ ತನಕ ಒಯ್ಯುತ್ತಿದ್ದೆ. ಅವ್ವ ನಡುನಡುವೆ, "ಹಕ್ಕಿ ಎಷ್ಟು ದೊಡ್ಡವು? ನೀರು ಯಾವ ಬಣ್ಣ?" ಎಂದು ಕೇಳುವಳು. ಮಕ್ಕಳ ಬಾಯಲ್ಲಿ ಮಾತು ಕೇಳುವ ಸಂತೋಷಕ್ಕೆ ಕೇಳುತ್ತಾಳೆ ಎಂದುಕೊಂಡಿದ್ದೆ.

ನಾನು ದೊಡ್ಡವಳಾದ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ ಅಪ್ಪ ಅವ್ವನಿಗೆ ಹೇಳಿದ, "ಮಿರಗ ಕೂಡಿದ ಮ್ಯಾಲ ಇಕಿಗೂ ಗೋಷಾ. ಸಾಲಿ ಸಾಕು. ಈ ಕಡೀ ಶುಕ್ರವಾರ ಒಳಗ ಕುಂದ್ರಿಸಿ ರೂಢಿ ಮಾಡು." ಸಾಲೆ ಬಿಡುವುದು ನನಗೆ ಬೇಕಿರಲಿಲ್ಲ. ಆದರೆ ಅತ್ತು ರಂಪ ಮಾಡಲಿಲ್ಲ, ಯಾಕೆಂದರೆ ಜೊತೆಗೇ ಆ ಗಾದಿ, ಲೋಡು, ಡಬ್ಬಿಗಳೂ ಕಣ್ಮುಂದೆ ಬಂದವು. ಹೆಣ್ಣುಮಕ್ಕಳನ್ನು ಎಷ್ಟು ಅಗ್ಗದಲ್ಲಿ ಒಪ್ಪಿಸಬಹುದು ನೋಡಿ.

ಆ ಶುಕ್ರವಾರ ನಾನು ಅವ್ವನ ಹಿಂದೆ ಚಕ್ಕಡಿ ಹತ್ತಿದೆ. ಅವ್ವ ಬಾಯಿ ಮುಚ್ಚಿ ಕಸೆ ಕಟ್ಟಿದಳು. ಕತ್ತಲಾಯಿತು. ಪೂರಾ ಕತ್ತಲಲ್ಲ, ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಾಗ ಇರುತ್ತದಲ್ಲ, ಅಂಥದು. ಚಕ್ಕಡಿ ಅಲುಗಾಡಿತು. ಸ್ವಲ್ಪ ಹೊತ್ತು ಉಂಡೆ ತಿಂದೆ. ಆಮೇಲೆ ಕತ್ತು ಆಚೆ ಈಚೆ ತಿರುಗಿಸಿ ಹುಡುಕತೊಡಗಿದೆ.

"ಏನು ಹುಡುಕಾಕತ್ತಿ?" ಎಂದಳು ಅವ್ವ.

"ನೀ ಎಲ್ಲಿಂದ ನೋಡ್ತಿ?"

"ಏನು ನೋಡೂದು?"

"ಹೊರಗ. ದಾರಿ, ಗಿಡಾ, ಮಂದಿ."

"ಇಲ್ಲಿಂದ ಏನು ಕಾಣ್ತೈತಿ ಹುಚ್ಚಿ," ಎಂದು ನಕ್ಕಳು. "ಸಂದು ನಾನ ಹೊಲದೀನಲ್ಲ."

ಬಾಯಲ್ಲಿದ್ದ ಉಂಡೆ ಬಾಯಲ್ಲೇ ಉಳಿಯಿತು. ಹೊರಗೆ ಅಣ್ಣ ಯಾವುದೋ ಮೋಟಾರು ಹೋಯಿತೆಂದು ಕೇಕೆ ಹಾಕುತ್ತಿದ್ದ. ಪ್ರತಿ ವರ್ಷ ನಾನೂ ಹಾಗೆ ಕೇಕೆ ಹಾಕುತ್ತ ಹೋದವಳೇ, ನನ್ನ ಬೆನ್ನಿನ ಹಿಂದೆ ಒಂದು ಮೊಳ ದೂರದಲ್ಲಿ ಅವ್ವ ಈ ಬಟ್ಟೆಯ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಮುಂದಿನ ವರ್ಷ, ಅದರ ಮುಂದಿನ ವರ್ಷ, ನಾನು ಸಾಯುವವರೆಗೂ ಹೀಗೇ ಎಂಬುದು ಆಗ ತಲೆಗೆ ಹೊಳೆಯಿತು.

ಕೆರೆಯ ದಂಡೆಗೆ ಬಂದು ಚಕ್ಕಡಿ ನಿಂತಿತು. ಅಲ್ಲ, ನಿಲ್ಲಲಿಲ್ಲ, ಮತ್ತೆ ಹಿಂದೆ ಮುಂದೆ ಆಗಿ ತಿರುಗಿತು. ಇದು ನನಗೆ ಗೊತ್ತಿದ್ದ ಸಂಗತಿಯೇ. ಕೆರೆಯಲ್ಲಿ ಎತ್ತಿನ ಮೈ ತೊಳೆಯುವ, ಜಳಕ ಮಾಡುವ ಗಂಡಸರು ಯಾವಾಗಲೂ ಇರುತ್ತಿದ್ದರು. ಅದಕ್ಕೆ ಅಪ್ಪ ಚಕ್ಕಡಿಯ ಹಿಂಭಾಗವನ್ನು ಮುಳ್ಳುಬೇಲಿಯ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದ. ಅವ್ವನಿಗೆ ಗಾಳಿ ಬೇಕೆನಿಸಿದರೆ ಕಸೆ ಬಿಚ್ಚಬಹುದು, ಆ ಕಡೆ ಯಾರೂ ಇರುವುದಿಲ್ಲ. ಹೆಂಡತಿಯ ಮೇಲೆ ಎಷ್ಟು ಕಾಳಜಿ ಎಂದು ಜನ ಹೊಗಳುತ್ತಿದ್ದರು. ಅವ್ವ ಈಗಲೂ ಕಸೆ ಬಿಚ್ಚಿದಳು. ಎದುರಿಗೆ ಜಾಲಿಯ ಮುಳ್ಳು, ಅದರ ಮೇಲೆ ಒಂದು ಓತಿಕ್ಯಾತ. ಅಷ್ಟೇ. ಅವಳು ಕಂಡ ಉಣಕಲ್ ಇದು.

"ಅವ್ವಾ, ನೀ ಕೆರಿ ನೋಡೇ ಇಲ್ಲೇನು?"

"ನೋಡೀನಲ್ಲ. ನೀ ಹೇಳ್ತೀ ಅಲ್ಲ ವರ್ಷಾ ವರ್ಷಾ." ಅವ್ವ ಡಬ್ಬಿಯ ಮುಚ್ಚಳ ತೆಗೆಯುತ್ತ ಹೇಳತೊಡಗಿದಳು. "ಆಚೀ ದಂಡ್ಯಾಗಿನ ಮನಷ್ಯಾರು ಇರಬಿ ಅಷ್ಟ ಕಾಣ್ತಾರ. ನಡುವ ತಾವರಿ ಹೂವು, ಕೆಂಪು ಒಂದು ಕಡೆ, ಬಿಳೇವು ಒಂದು ಕಡೆ. ಸಂಜೀಕ ನೀರೆಲ್ಲ ಬೆಲ್ಲದ ಪಾಕದ ಬಣ್ಣ ಆಗ್ತಾವು. ಒಂದ ವರ್ಷ ಆನಿ ಬಂದಿತ್ತು ನೀರು ಕುಡ್ಯಾಕ."

ಆನೆ! ಅದು ನಾನು ತೀರ ಚಿಕ್ಕವಳಿದ್ದಾಗ ಬೆಲ್ಲದ ಹೆಂಟೆಗಾಗಿ ಹುಟ್ಟಿಸಿದ್ದು. ನನಗೇ ಮರೆತುಹೋಗಿತ್ತು. ಅವಳಿಗೆ ಒಂದಕ್ಷರವೂ ಮರೆತಿರಲಿಲ್ಲ. ನಾನು ಬಾಯಿಗೆ ಬಂದದ್ದನ್ನು ಒದರಿದ್ದೆ, ಅವಳು ಅದನ್ನೇ ಕೆರೆಯೆಂದು ಒಳಗಿಟ್ಟುಕೊಂಡು ಕೂತಿದ್ದಳು.

ತಡೆಯಲಾಗಲಿಲ್ಲ. ಚಕ್ಕಡಿಯ ಹಿಂದಿನಿಂದ ಧುಮುಕಿ, ಬೇಲಿಯ ಮುಳ್ಳಿಗೆ ಸೀರೆ ಹರಿದುಕೊಂಡು, ಅಪ್ಪನ ಮುಂದೆ ಹೋಗಿ ನಿಂತೆ. ಅವನು ಎತ್ತುಗಳ ಕೊರಳು ಬಿಚ್ಚಿ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ್ದ.

"ಅಪ್ಪಾ, ಅವ್ವ ಕೆರಿ ನೋಡಿಲ್ಲಂತ."

"ಏನರ ಮಾತಾಡಬ್ಯಾಡ. ವರ್ಷಾ ಬರ್ತಾಳಲ್ಲ."

"ಬರ್ತಾಳ. ನೋಡಿಲ್ಲ."

ಅಪ್ಪ ನನ್ನನ್ನು ಗದರಿಸಲು ಬಾಯಿ ತೆರೆದ. ಹಾಗೇ ತಿರುಗಿ ಚಕ್ಕಡಿ ನೋಡಿದ. ಅದು ನಿಂತ ರೀತಿ ನೋಡಿದ, ಬೇಲಿ ನೋಡಿದ, ಆಮೇಲೆ ಕೆರೆ ನೋಡಿದ. ತೆರೆದ ಬಾಯಿ ಮುಚ್ಚಲಿಲ್ಲ. ಬೀಡಿ ಬೆರಳು ಸುಟ್ಟಾಗಲೇ ಅವನಿಗೆ ಎಚ್ಚರ. ಎದ್ದು ಪರದೆಯ ಹತ್ತಿರ ಹೋಗಿ ನಿಂತ.

"ಇಕಿ ಅನ್ನೂದು ಖರೇನು?"

"ಹೋಗ್ಲಿ ಬಿಡ್ರಿ, ಹುಡುಗಿ ಮಾತು," ಎಂದಿತು ಒಳಗಿನ ದನಿ.

"ಖರೇನು, ಹೇಳು."

"ಹೌದ್ರಿ," ಎಂದಳು ಅವ್ವ.

ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಗರ ಬಡಿದವನ ಹಾಗೆ ನಿಂತಿದ್ದ. ಅವನಿಗೆ ಖರೇ ಗೊತ್ತಿರಲಿಲ್ಲ. ಬೇಕೆಂದು ಅವಳನ್ನು ಕಟ್ಟಿಹಾಕಿದವನಲ್ಲ, ಮನೆಮಂದಿಯನ್ನೆಲ್ಲ ಗಾಳಿಗೆ ಕರೆತರುವ ಗಂಡಸು ಅವನ ಗೆಳೆಯರಲ್ಲಿ ಬೇರೊಬ್ಬನಿರಲಿಲ್ಲ. ಅವ್ವನಿಗಾಗಿಯೇ ಇಷ್ಟು ದೂರ ಚಕ್ಕಡಿ ಹೊಡೆದುಕೊಂಡು ಬಂದು, ಅವಳನ್ನು ಮುಳ್ಳಿಗೆ ಎದುರಾಗಿ ಕೂಡಿಸಿ, ತಾನು ಕೆರೆ ನೋಡುತ್ತ ಬೀಡಿ ಸೇದಿದ್ದ. ಅಪ್ಪ ಕೆಟ್ಟವನಾಗಿದ್ದರೆ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

"ಈ ಮಂದಿ ಹೋಗ್ಲಿ," ಎಂದ ಕೊನೆಗೆ. "ಎಲ್ಲಾರೂ ಹೋದ ಮ್ಯಾಲ ತೋರಸ್ತೀನಿ."

ಕಾದೆವು. ಬುತ್ತಿ ಬಿಚ್ಚಿದೆವು, ಅರ್ಧ ರೊಟ್ಟಿಯೂ ತೀರಲಿಲ್ಲ. ಅಣ್ಣ ಒಬ್ಬನೇ ಏನೂ ಅರಿಯದೆ ಎರಡು ಸಲ ಮೊಸರು ಹಾಕಿಸಿಕೊಂಡ. ಮಂದಿ ಹೋಗಲಿಲ್ಲ. ಒಬ್ಬ ಎತ್ತು ಹೊಡೆದುಕೊಂಡು ಹೋದರೆ ಇನ್ನಿಬ್ಬರು ಎಮ್ಮೆ ಹೊಡೆದುಕೊಂಡು ಬಂದರು. ಪಡುವಣದಲ್ಲಿ ಮೋಡ ಕಪ್ಪಿಟ್ಟಿತು, ಧೂಳಿನ ಗಾಳಿ ಎದ್ದಿತು. ಅಪ್ಪ ಆಕಾಶ ನೋಡಿ ಎದ್ದ.

"ಮಳಿ ಬರೂಹಂಗೈತಿ," ಎಂದು ಪರದೆಗೆ ಹೇಳಿದ. "ಮುಂದಿನ ವರ್ಷ ಮುಂಜಾನೆ ಲಗೂ ಬರೂಣು. ಯಾರೂ ಇರೂದಿಲ್ಲ. ಖರೇ ತೋರಸ್ತೀನಿ, ಆಣಿ ಮಾಡಿ ಹೇಳ್ತೀನಿ."

"ಆತ್ರಿ," ಎಂದಳು ಅವ್ವ.

ಅಪ್ಪ ಒಂದು ಎತ್ತು ಕಟ್ಟಿದ. ನನಗೆ ಒಳಗೆ ಹೋಗೆಂದು ಕೈಸನ್ನೆ ಮಾಡಿದ. ಹಿಂದುಗಡೆ ಹೋಗಿ ಕಾಲೆತ್ತಿ ಇಟ್ಟಿದ್ದೆ, ಅಷ್ಟರಲ್ಲಿ ಅವ್ವ ನನ್ನ ಮುಖವನ್ನು ನೋಡಿದಳು. ನಾನು ಹತ್ತಲು ಅವಳು ಜಾಗ ಬಿಡಲಿಲ್ಲ. ಅಲ್ಲಿಂದಲೇ ಸ್ವಲ್ಪ ದನಿ ಏರಿಸಿ, "ಕೇಳ್ರಿ ಇಲ್ಲೆ," ಎಂದಳು. "ಮುಂದಿನ ವರ್ಷ ಇಕಿನೂ ನನ್ನ ಬಾಜೂಕ ಒಳಗ ಇರ್ತಾಳ. ಆಮ್ಯಾಲ ನಮ್ಮಿಬ್ಬರಿಗೂ ಹೇಳಾವ್ರು ಯಾರು?"

"ಏನು ಹೇಳೂದು?"

"ಹೊರಗ ಏನೈತಿ ಅಂತ."

"ಮಗಾ ಅದಾನಲ್ಲ."

"ಅವ ಹೇಳೂದು ನಿಮಗೂ ಗೊತ್ತೈತಿ. ಕೆರಿ ಇತ್ತು, ನೀರಿತ್ತು."

ಎರಡನೆಯ ಎತ್ತಿನ ಹಗ್ಗ ಅಪ್ಪನ ಕೈಯಲ್ಲೇ ಇತ್ತು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನನ್ನ ಹೆಗಲ ಮೇಲೆ ಕೈಯೂರಿ, ಚಕ್ಕಡಿಯಿಂದ ಇಳಿದಳು. ಬೇಲಿಯ ಬದಿಯಿಂದ ಸುತ್ತು ಹಾಕಿ, ಎತ್ತಿನ ಮುಂದೆ ಹಾಯ್ದು, ಗಂಡಸರು ಎಮ್ಮೆಯ ಮೈ ತಿಕ್ಕುತ್ತಿದ್ದಲ್ಲಿಗೆ ನಡೆದುಹೋದಳು. "ಏ, ನಿಂದರು," ಎಂದ ಅಪ್ಪ, ಅದೂ ಮೆಲ್ಲಗೆ. ಜೋರಾಗಿ ಕೂಗಿದರೆ ಆ ಹೆಂಗಸು ತನ್ನ ಹೆಂಡತಿಯೆಂದು ಎಲ್ಲರಿಗೂ ಗೊತ್ತಾಗುತ್ತದಲ್ಲ.

ನಾನು ಅವಳ ಹಿಂದೆ ಓಡಿದೆ. ನನಗಿದ್ದದ್ದು ಗಂಡಸರ ಭಯವಲ್ಲ, ಕೆರೆಯ ಭಯ. ಬೇಸಿಗೆಯ ಕೊನೆಯ ಉಣಕಲ್ ಕೆರೆಯಲ್ಲಿ ಏನಿರುತ್ತದೆ? ನೀರು ಬತ್ತಿ ನಡುವಿಗೆ ಸರಿದಿತ್ತು. ಉಳಿದದ್ದೆಲ್ಲ ಬಿರಿದ ಕೆಸರು, ಎಮ್ಮೆಯ ಗೊರಸಿನ ಗುಂಡಿಗಳು, ಸೆಗಣಿ. ತಾವರೆ ಇಲ್ಲ, ಪಾಕದ ಬಣ್ಣವಿಲ್ಲ. ಆಚೆ ದಂಡೆಯ ಮನುಷ್ಯರು ಇರುವೆಯಷ್ಟಲ್ಲ, ಮನುಷ್ಯರಷ್ಟೇ ಕಾಣುತ್ತಿದ್ದರು. ಅವ್ವ ಕೆಸರಿನ ಅಂಚಿಗೆ ನಿಂತು ಬಹಳ ಹೊತ್ತು ನೋಡಿದಳು. ಎಮ್ಮೆಯವರು ಒಮ್ಮೆ ಇವಳತ್ತ ನೋಡಿ ತಮ್ಮ ಕೆಲಸಕ್ಕೆ ತಿರುಗಿದರು.

"ಇಷ್ಟ ಏನು?" ಎಂದಳು ಅವ್ವ.

ನಾನು ಕೆಸರನ್ನೇ ನೋಡುತ್ತ ನಿಂತೆ.

"ನೀ ಹೇಳಿದ ಕೆರಿ ಭಾಳ ದೊಡ್ಡದಿತ್ತು." ಸಿಟ್ಟಿನಿಂದಲ್ಲ, ಬೆರಗಿನಿಂದ ಹೇಳಿದಳು. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಕೆಸರಲ್ಲಿ ಕಾಲಿಟ್ಟಳು. ಮೀನಖಂಡದವರೆಗೆ ಹೂತವು. ಹಾಗೇ ಮುಂದೆ ಹೋಗಿ ಬಗ್ಗಿ ನೀರು ಮುಟ್ಟಿದಳು. ವಾಪಸು ಬಂದಾಗ ಅವಳ ಮುಖ ನಾನು ಹಿಂದೆಂದೂ ಕಾಣದಂಥ ಮುಖವಾಗಿತ್ತು. ಕಣ್ಣು ತುಂಬಿದ್ದವು, ನಗುತ್ತಲೂ ಇದ್ದಳು. "ಛಲೋ ಐತಿ," ಎಂದಳು. "ಆನಿ ಇಲ್ಲಾಂದ್ರೂ ಛಲೋ ಐತಿ."

ಅಪ್ಪ ಚಕ್ಕಡಿ ಹೂಡಿ ರಸ್ತೆಗೆ ತಂದು ನಿಲ್ಲಿಸಿದ್ದ. "ಹತ್ತು," ಎಂದ. "ಸ್ವಲ್ಪ ನಡೀತೀನ್ರಿ," ಎಂದಳು ಅವ್ವ, "ಕಾಲು ಒಣಗಲಿ." ಅಪ್ಪ ಆಚೆ ಈಚೆ ನೋಡಿದ. ರಸ್ತೆಯ ಮೇಲೆ ಧಾರವಾಡದ ಕಡೆಯಿಂದ ಬರುವ ಗಾಡಿಗಳಿದ್ದವು. ಹೆಂಡತಿಯೊಡನೆ ರಸ್ತೆಯಲ್ಲಿ ವಾದ ಮಾಡುವುದು ಗೋಷಾ ಮುರಿಯುವುದಕ್ಕಿಂತ ದೊಡ್ಡ ಮಾನಗೇಡು. ಅವನು ಎತ್ತುಗಳನ್ನು ಹೊಡೆದ. ಖಾಲಿ ಚಕ್ಕಡಿಯ ಹಿಂದಿನ ಕಸೆಗಳನ್ನು ಯಾರೋ, ಅವನೇ ಇರಬೇಕು, ಬಿಗಿಯಾಗಿ ಕಟ್ಟಿದ್ದರು.

ಕಾಲು ಒಣಗಿದವು, ಅವ್ವ ಹತ್ತಲಿಲ್ಲ. ನವಲಗುಂದದ ಎರೆ ದಾರಿಯಲ್ಲಿ ನಡೆದ ಕಾಲು, ಇಷ್ಟು ವರ್ಷ ಮಡಿಸಿ ಕೂಡಿಸಿದ್ದರೂ ಅವು ನಡೆಯುವುದನ್ನು ಮರೆತಿರಲಿಲ್ಲ. ನನಗೇ ಅವಳ ಸಮಕ್ಕೆ ನಡೆಯಲಾಗಲಿಲ್ಲ. ಊರು ಹತ್ತಿರ ಬರುವ ಹೊತ್ತಿಗೆ ನಾವಿಬ್ಬರೂ ಚಕ್ಕಡಿಯನ್ನು ಹಿಂದೆ ಹಾಕಿದ್ದೆವು. ಬಜಾರಿನ ಇಕ್ಕಟ್ಟಿನಲ್ಲಿ ಒಬ್ಬ ಅಂಗಡಿಯವನು ಹಿಂದೆ ಬರುತ್ತಿದ್ದ ನಮ್ಮ ಚಕ್ಕಡಿಯನ್ನು ಗುರುತಿಸಿ ಎದ್ದು ನಿಂತ. ಅಪ್ಪನಿಗೆ ದೂರದಿಂದಲೇ ಸಲಾಮು ಮಾಡಿ, ದಾರಿಯಲ್ಲಿದ್ದವರಿಗೆ ಹೇಳತೊಡಗಿದ, "ಸರೀರಿ, ಸರೀರಿ, ಗೋಷಾ ಚಕ್ಕಡಿ ಬಂತು." ಜನ ಸರಿದರು, ಮುಖ ತಿರುಗಿಸಿದರು. ಅವ್ವ ದಾರಿಯ ನಡುವೆಯೇ ಇದ್ದಳು, ನಾನು ಅವಳ ಹಿಂದೆ. ಅವಳ ಮುಖ ಅವನು ಕಂಡಿರಲಿಲ್ಲ. "ಏ ಯವ್ವಾ, ನಿನಗ ಹೇಳಾಕತ್ತೇನಿ. ದೊಡ್ಡವರ ಮನಿ ಹೆಣ್ಣಮಕ್ಕಳು ಹೊಂಟಾರ, ಬಾಜೂಕ ನಿಂದರು."

ಅವ್ವ ನನ್ನ ಕೈ ಹಿಡಿದು ಅವನ ಅಂಗಡಿಯ ಕಟ್ಟೆಗೆ ಒತ್ತಿ ನಿಂತಳು. ಚಕ್ಕಡಿ ನಮ್ಮ ಮುಂದೆಯೇ ಹಾಯ್ದುಹೋಯಿತು. ಅಣ್ಣ ನಮ್ಮನ್ನು ನೋಡಿ ಏನೋ ಹೇಳಲು ಹೋದ, ಅಪ್ಪ ಅವನ ತೊಡೆ ಚಿವುಟಿದ. ಅಪ್ಪ ಮಾತ್ರ ಎತ್ತಿನ ಕೋಡುಗಳ ನಡುವೆ ನೆಟ್ಟ ದೃಷ್ಟಿ ಕದಲಿಸಲಿಲ್ಲ.

ಮನೆಯ ಮುಂದೆ ಇನ್ನೊಂದು ಸೋಜಿಗ ಕಾದಿತ್ತು. ಗೋಷಾದ ಹೆಂಗಸರು ಚಕ್ಕಡಿಯಿಂದ ಇಳಿದು ಬಾಗಿಲು ಸೇರುವವರೆಗೆ ಇಬ್ಬರು ಗಂಡಸರು ಒಂದು ಚಾದರವನ್ನು ಅಡ್ಡ ಹಿಡಿಯುವುದು ಪದ್ಧತಿ. ಎದುರು ಕಟ್ಟೆಯಲ್ಲಿ ಕೂತ ನೆರೆಯವರು ಆ ಹೊತ್ತು ಗೋಡೆಗೆ ಮುಖ ಮಾಡುತ್ತಿದ್ದರು. ನಾವು ಓಣಿ ತಿರುಗಿ ಬರುವಾಗ ನೆರೆಯವರೆಲ್ಲ ಆಗಲೇ ಗೋಡೆಗೆ ತಿರುಗಿದ್ದರು. ಅಪ್ಪ ಚಾದರದ ಒಂದು ತುದಿಯನ್ನು ಅಣ್ಣನ ಕೈಗೆ ಕೊಟ್ಟ.

"ಒಳಗ ಯಾರೂ ಇಲ್ಲಪ್ಪಾ," ಎಂದ ಅಣ್ಣ.

"ಹಿಡಿ," ಎಂದ ಅಪ್ಪ ಹಲ್ಲು ಕಚ್ಚಿ.

ಹಿಡಿದರು. ಹೆಂಗಸರು ಇಳಿದು ಒಳಗೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಹಿಡಿದು ನಿಂತರು. ಚಕ್ಕಡಿಯಿಂದ ಯಾರೂ ಇಳಿಯಲಿಲ್ಲ, ಚಾದರದ ಹಿಂದೆ ಯಾರೂ ನಡೆಯಲಿಲ್ಲ. ನಾನು ಓಣಿಯ ನಡುವೆ ನಿಂತು ಅದನ್ನು ನೋಡಿದೆ, ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ನಾವಿಬ್ಬರೂ ಚಾದರದ ಈಚೆಯಿಂದ, ಗೋಡೆಗೆ ಮುಖ ಮಾಡಿದ ಅಷ್ಟೂ ಜನರ ಬೆನ್ನ ಹಿಂದೆ, ಕೆಸರುಗಾಲಲ್ಲಿ ನಡೆದು ಒಳಗೆ ಹೋದೆವು.

ಮಳೆ ಶುರುವಾಗಿತ್ತು. ಅಪ್ಪ ಎತ್ತು ಕಟ್ಟಿ ಬಂದು ಊಟಕ್ಕೆ ಕೂತ. ಅವನ ಭುಜಗಳು ಸಡಿಲಾಗಿದ್ದವು. "ಯಾರೂ ನೋಡಲಿಲ್ಲ," ಎಂದ. "ಛಲೋ ಆತು."

ಅವ್ವ ರೊಟ್ಟಿ ಬಡಿಸುತ್ತಿದ್ದಳು. "ಹೌದ್ರಿ, ಯಾರೂ ನೋಡಲಿಲ್ಲ," ಎಂದಳು. "ಬಜಾರಿನ್ಯಾಗ ಒಬ್ಬಾವ ನನಗ ಸರದು ನಿಂದರು ಅಂದ. ಯಾರಿಗೆ ದಾರಿ ಬಿಡಬೇಕಂತ ಗೊತ್ತೇನು? ನನಗ."

ಅಪ್ಪನ ಕೈಯ ತುತ್ತು ತಾಟಿಗೆ ಇಳಿಯಿತು. ಅಣ್ಣ ನಗಲು ಹೋಗಿ ಅಪ್ಪನ ಮುಖ ನೋಡಿ ಸುಮ್ಮನಾದ.

"ಮಗಳನ್ನ ಒಳಗ ಕುಂದ್ರಸೂದಿಲ್ಲ ನಾನು," ಎಂದಳು ಅವ್ವ. "ಸಾಲೀನೂ ಬಿಡಸೂದಿಲ್ಲ."

ಅಪ್ಪ ತಾಟನ್ನು ಆಚೆ ಸರಿಸಿದ. ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಮಂದಿ ಏನಂತಾರ?" ಎಂದ. ಸೋತವನ ದನಿ ಅದು, ನನಗೆ ಅವನ ಮೇಲೆ ಮೊದಲ ಸಲ ಕರುಣೆ ಬಂತು.

"ಏನೂ ಅನ್ನೂದಿಲ್ಲ," ಎಂದಳು ಅವ್ವ. "ಇವತ್ತು ಹಿಡದ್ರಲ್ಲ ಚಾದರ, ಹಂಗ ಹಿಡೀರಿ. ಒಳಗ ಅದೀವಿ ಅಂತ ತಿಳಕೋತಾರ."

ಮುಂದಿನ ಬೇಸಿಗೆಯಿಂದ ಅಪ್ಪ ಹಾಗೇ ಮಾಡಿದ. ಶುಕ್ರವಾರ ಮಧ್ಯಾಹ್ನ ಅವನೂ ಅಣ್ಣನೂ ಚಾದರ ಹಿಡಿದು ನಿಲ್ಲುತ್ತಿದ್ದರು, ಆದರೆ ಯಾರನ್ನೂ ಹತ್ತಿಸದೆ, ಕಸೆ ಬಿಗಿದು ಖಾಲಿ ಚಕ್ಕಡಿ ಹೊಡೆದುಕೊಂಡು ಹೋಗುತ್ತಿದ್ದರು. ನಾವಿಬ್ಬರೂ ಹಿತ್ತಲ ಬಾಗಿಲಿನಿಂದ ಹೊರಬಿದ್ದು ನಡೆಯುತ್ತಿದ್ದೆವು. ನಾನು ಸಾಲೆಗೂ ಅದೇ ಬಾಗಿಲಿನಿಂದ ಹೋಗಿಬಂದೆ. ಅಪ್ಪ ಒಂದು ದಿನವೂ ಅದರ ಬಗ್ಗೆ ಮಾತೆತ್ತಲಿಲ್ಲ, ಬಾಗಿಲ ಕೀಲುಗಳಿಗೆ ಮಾತ್ರ ಎಣ್ಣೆ ಬಿಡುತ್ತಿದ್ದ. ಗಾದಿ ಅಂಗಡಿಯವರ ಮನೆಯ ಗೋಷಾದಷ್ಟು ಕಟ್ಟುನಿಟ್ಟು ಹುಬ್ಬಳ್ಳಿಯಲ್ಲಿ ಬೇರೆ ಯಾರದೂ ಇಲ್ಲವೆಂದು ಬಜಾರಿನಲ್ಲಿ ಹೇಳುತ್ತಿದ್ದರು.